ಕಾಟಾ ಹತ್ತದ ಪೈಲಟ್

ಐಗಳಿ, ಏಪ್ರಿಲ್ 6, ಬೆಳಿಗ್ಗೆ 5.30

ವಿಮಾನದ ಮೂರೂ ಗಾಲಿಗಳ ಸಾಕ್ಷಿಯಾಗಿ ಒಪ್ಪಿಕೊಳ್ಳುತ್ತೇನೆ: ಶಿವಗಂಗವ್ವ ಅತ್ತೆಯ ಶೆಡ್ಡಿನಿಂದ ಒಣದ್ರಾಕ್ಷಿ ಕದ್ದಿದ್ದೇನೆ. ಒಂದು ಹಿಡಿಗೆಂದು ಕೈ ಹಾಕಿದ್ದು... ಐದು ಕಿಲೋ ಡಬ್ಬಿಯೇ ಬಂತು. ನನ್ನ ಸೀಟಿನ ಹಿಂದಿದೆ. ಪೈಲಟ್‌ಗೂ ಇಂಧನ ಬೇಕು.

ಸ್ಕೈಡೈವಿಂಗ್ ಕ್ಯಾಂಪಿನ ಎರಡನೇ ವಾರ. ಜಿಗಿಯುವವರು ಅವರು, ಹಾರಿಸುವವನು ನಾನು. ಯಾರೇ ಬರಲಿ, ತೂಗದೆ ವಿಮಾನ ಹತ್ತಿಸುವುದಿಲ್ಲ. ಅತ್ತೆಯ ದ್ರಾಕ್ಷಿ ತೂಗುವ ಕಾಟಾವೇ ಇಲ್ಲಿಗೂ ಬಂದಿದೆ. ನಿನ್ನೆ ಸಾಹುಕಾರ ವಿರುಪಾಕ್ಷಪ್ಪನವರನ್ನೂ ಬಿಡಲಿಲ್ಲ.

"ಎಂಬತ್ತು ಬರ್ಕೊ," ಎಂದರು.

"ಬಾಯಿ ಕಾಟಾ ನಡಿಯಂಗಿಲ್ರಿ ಸಾಹುಕಾರ್ರ. ಮ್ಯಾಲ ನಿಂದರ್ರಿ," ಎಂದ ತೂಕ ಬರೆಯುವ ದುಂಡೇಶ.

"ಸಕ್ರಿ ಫ್ಯಾಕ್ಟರಿ ಕಾಟಾನ ನಂಬಂಗಿಲ್ಲ ನಾ. ನಿಂದು ನಂಬಲೇನು?"

ಎಂಬತ್ತೆಂಟು. ಸಾಹುಕಾರರ ಮುಖ ಮಾತ್ರ ಇಳಿಯಿತು.

ದುಂಡೇಶ ನನ್ನ ಕಡೆ ತಿರುಗಿದ. "ಸರ, ನೀವೂ ಒಮ್ಮೆ ಹತ್ರಲ."

"ಕಬ್ಬು ತೂಗಾಗ ಡ್ರೈವರ್‌ನ ಬ್ಯಾರೆ ತೂಗ್ತಾರೇನಲೇ? ಎಪ್ಪತ್ತೊಂದು ಬರಿ."

ನಕ್ಕ. ಬರೆದ.

ಏಪ್ರಿಲ್ 9, ಸಂಜೆ 6

ಮಧ್ಯಾಹ್ನ ಮೂರರ ಬಿಸಿಲು. ಐದನೇ ಲೋಡ್. ಹಾಳೆಯ ಪ್ರಕಾರ ತೂಕ ಸರಿಯಾಗಿ ಮಿತಿಗೆ. ರನ್‌ವೇ ಮುಗಿಯುತ್ತ ಬಂತು — ವಿಮಾನ ಏಳಲೊಲ್ಲದು. ಅರ್ಧದಲ್ಲೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಹಿಂದೆ ಐದು ಜನ ನೋಡುತ್ತಿದ್ದರು.

ಕೊನೆಗೆ ಎದ್ದಿತು. ಇಳಿದು ನೋಡಿದರೆ ಗಾಲಿಗೆ ಸಿಕ್ಕಿತ್ತು, ರನ್‌ವೇ ಆಚೆಯ ಹೊಲದ ಕಬ್ಬಿನ ಗರಿ.

ಹಾರೂಗೇರಿಯ ಟೀಚರ್ ಸೀಮಾ ಅದೇ ಲೋಡಿನಲ್ಲಿ ಜಿಗಿದವರು. ಪ್ಯಾರಾಶೂಟ್ ಮಡಚುತ್ತ ಕೇಳಿದರು: "ಸರ, ಕಬ್ಬು ಭಾಳ ಹತ್ರ ಕಂಡ್ವು. ಅದೂ ಪ್ಯಾಕೇಜ್‌ನಾಗ ಐತೇನ್ರಿ?"

"ಹೌದ್ರಿ ಬಾಯಾರ," ಎಂದೆ. ಇಬ್ಬರೂ ನಕ್ಕೆವು. ಎಷ್ಟರಲ್ಲಿ ಪಾರಾದೆವೆಂದು ಅವರಿಗೆ ಗೊತ್ತಿರಲಿಲ್ಲ.

ಕ್ಯಾಂಪ್ ನಡೆಸುವ ಅಣ್ಣಾಸಾಬರು ಗರಿ ನೋಡಿದರು. ನಗಲಿಲ್ಲ. "ತೂಕ ಯಾರ್ ಬರದಿದ್ರು?"

"ದುಂಡೇಶ."

ಸುಳ್ಳಲ್ಲ. ಅದೇ ತೊಂದರೆ.

ಏಪ್ರಿಲ್ 10

ದುಂಡೇಶನನ್ನು ಕೆಲಸದಿಂದ ಬಿಡಿಸಿದರು. ಹೋಗುವ ಮುಂಚೆ ಕಾಟಾ ಒರೆಸಿಟ್ಟ. "ಬರೋಬ್ಬರಿ ಐತ್ರಿ ಸರ ಇದು. ನಾ ಎಲ್ಲಿ ತಪ್ಪಿದ್ನಿ, ತಿಳೀವಲ್ದು."

ಬೈಯಲಿಲ್ಲ. ಬೈದಿದ್ದರೆ ಏನಾದರೂ ಜೋಕು ಹೇಳಿ ಪಾರಾಗುತ್ತಿದ್ದೆ.

ಏಪ್ರಿಲ್ 15, ಬೆಳಿಗ್ಗೆ 5.10

ನಾಲ್ಕು ದಿನ "ಗಾಳಿ ಸರಿಯಿಲ್ಲ" ಎಂದು ಹಾರಿಸಲಿಲ್ಲ. ಎಲೆಯೂ ಅಲ್ಲಾಡಿರಲಿಲ್ಲ.

ಇವತ್ತು ಹಾರಿಸಲೇಬೇಕು. "ಇನ್ ಮ್ಯಾಲ ನೀವ ತೂಗ್ರಿ," ಎಂದು ಅಣ್ಣಾಸಾಬರು ಹೊಸ ಹಾಳೆ ಕೊಟ್ಟಿದ್ದಾರೆ. ಮೊದಲ ಸಾಲು: ಪೈಲಟ್.

ಬೂಟು ಬಿಚ್ಚಿದೆ. ಜೇಬು ಖಾಲಿ ಮಾಡಿದೆ. ಉಸಿರೂ ಬಿಟ್ಟೆ — ಅದರಿಂದೇನಾದರೂ ಕಡಿಮೆಯಾದೀತೆಂದು. ಹತ್ತಿದೆ. ಯಾರನ್ನೂ ತೂಗದೆ ಬಿಡದವನು ಈ ಕಾಟಾ ಹತ್ತಿದ್ದು ಇದೇ ಮೊದಲು. ಎಪ್ಪತ್ತೊಂದು ನಾಲ್ಕು ವರ್ಷದ ಹಿಂದಿನ ಮಾತು.

ಅಣ್ಣಾಸಾಬರ ಜೀಪಿನ ಸದ್ದು. ಬರುವಷ್ಟರಲ್ಲಿ ಬರೆದುಬಿಡಬೇಕು, ಇಲ್ಲದಿದ್ದರೆ ಕೈ ಮತ್ತೆ ಎಪ್ಪತ್ತೊಂದೇ ಬರೆದೀತು. ದುಂಡೇಶ ತಪ್ಪಿಲ್ಲ ಎನ್ನಲು ಒಂದು ಅಂಕಿ ಸಾಕು.

ಪೈಲಟ್: ತೊಂಬತ್ನಾಲ್ಕು. ಅತ್ತೆಯ ಡಬ್ಬಿ ಸೇರಿ ತೊಂಬತ್ತೊಂಬ—