ಬೀಪಾತುಮ್ಮ ಕಿತ್ತ ಒಂದೆಲಗ

॥ ಶ್ರೀ ಶಾಂತಿನಾಥಾಯ ನಮಃ ॥

ವೇಣೂರು
11-2-1962

ಚಿ. ಕುಮಾರಿ ಶಶಿಪ್ರಭಾಳಿಗೆ ಅಮ್ಮನ ಆಶೀರ್ವಾದಗಳು.

ಇಲ್ಲಿ ನಾವಿಬ್ಬರೂ ಕ್ಷೇಮ. ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಉತ್ತರ ತಡವಾದದ್ದಕ್ಕೆ ಸಿಟ್ಟು ಮಾಡಬೇಡ. ಗಿಡ ಒಣಗದೆ ಬರಿಯ ಕಾಗದ ಬರೆದು ಏನು ಪ್ರಯೋಜನ? ರಜೆಯಲ್ಲಿ ನೀನು ಪೇಪರಿನ ನಡುವೆ ಒತ್ತಿಟ್ಟು ಹೋದ ಗಿಡಗಳನ್ನೆಲ್ಲ ದಪ್ಪ ಹಾಳೆಗೆ ನೂಲಿನಿಂದ ಹೊಲಿದು, ಚೀಟಿ ಬರೆದು ಅಂಟಿಸಿದ್ದೇನೆ. ಈ ಕಾಗದವನ್ನೂ ಕಟ್ಟಿನೊಳಗೇ ಇಡುತ್ತೇನೆ. ಶನಿವಾರ ನಿಮ್ಮ ಕಾಲೇಜಿನ ಪ್ರದರ್ಶನದಲ್ಲಿ ಅವು ಗೋಡೆಯ ಮೇಲೆ ಇರಲೇಬೇಕಲ್ಲ! ನಾಳೆ ಬಸ್ಸಿನ ಕಂಡಕ್ಟರ್ ಅಬ್ದುಲ್ ರವೂಫ್ ಹಾಸ್ಟೆಲಿಗೇ ತಂದು ಕೊಡುತ್ತಾನೆ. ಮಡಚಬೇಡ, ಓರೆ ಮಾಡಬೇಡ ಎಂದು ನಾನು ಹೇಳುತ್ತಲೇ ಇದ್ದೆ. "ಅಮ್ಮ, ಇದನ್ನು ಸೀಟಿನಲ್ಲೇ ಕೂರಿಸ್ತೇನೆ, ಟಿಕೇಟು ಕೇಳೋದಿಲ್ಲ" ಎಂದ.

ನಿನ್ನ ಅಪ್ಪನಿಗೆ ಈಗ ನೆಲದ ಮೇಲೆ ಕಾಲಿಲ್ಲ. ಪ್ರದರ್ಶನಕ್ಕೆ ಅಪ್ಪ ಬರಬೇಕು ಎಂದು ನೀನು ಬರೆದ ಸಾಲನ್ನು ಬಂದವರಿಗೆಲ್ಲ ಓದಿ ಹೇಳುತ್ತಾರೆ. ಮದುವೆಯ ಕೋಟನ್ನು ಬಿಸಿಲಿಗೆ ಹಾಕಿದ್ದಾರೆ. ಗಿಡ ಒಣಗಲು ದಿನಾ ಪೇಪರು ಬದಲಿಸಬೇಕಿತ್ತಲ್ಲ, ಅದೊಂದೇ ಅವರ ದೂರು.

"ಇವತ್ತಿನ ಪೇಪರು ಎಲ್ಲಿ?"

"ಒಂದೆಲಗದ ಅಡಿಯಲ್ಲಿ ಉಂಟು."

"ನಾನಿನ್ನೂ ಓದಿಲ್ಲ ಮಾರಾಯ್ತಿ!"

"ಅದು ಓದಿ ಮುಗಿಸಲಿ, ಆಮೇಲೆ ಕೊಡ್ತೇನೆ."

ಒಂದೆಲಗದ ಕಥೆ ಕೇಳು. ನೀನು ಒತ್ತಿಟ್ಟದ್ದಕ್ಕೆ ಬೂಷ್ಟು ಹಿಡಿದಿತ್ತು. ಹೊಸದು ಬೇಕು, ಅದೂ ಬೇರು ಸಮೇತ. ಬೇರು ಕಿತ್ತರೆ ಜೀವಹಿಂಸೆಯ ಪಾಪವೆಂದು ಗೆಡ್ಡೆ ಗೆಣಸು ಮುಟ್ಟದ ಮನೆಯಲ್ಲಿ ಹುಟ್ಟಿ, ಅಂಥದ್ದೇ ಮನೆಗೆ ಬಂದವಳು ನಾನು. ತಂಬುಳಿಗೆ ಎಲೆ ಚಿವುಟಿ ಗೊತ್ತು, ಬೇರು ಕಿತ್ತು ಗೊತ್ತಿಲ್ಲ. ಗದ್ದೆಯ ಬದುವಿನಲ್ಲಿ ಕೂತು ಕೈ ಹಾಕಿದೆ, ಹಿಂದೆ ತೆಗೆದೆ, ಪುನಃ ಹಾಕಿದೆ. ಪಕ್ಕದ ಮನೆಯ ಬೀಪಾತುಮ್ಮ ಬೇಲಿಯಾಚೆಯಿಂದ ನೋಡುತ್ತಿದ್ದಳು.

"ಅಮ್ಮ, ಅದು ಕಚ್ಚುವುದಿಲ್ಲ."

"ಬೇರು ಸಮೇತ ಬೇಕಂತೆ. ನನ್ನಿಂದಾಗದು."

"ಆಳುಗಳ ಹತ್ತಿರ ಕಳೆ ಕೀಳಿಸುವಾಗ ಈ ಪಾಪ ಎಲ್ಲಿಗೆ ಹೋಗಿರ್ತದೆ?"

"ಬಾಯಿ ಮುಚ್ಚಿ ಕಿತ್ತು ಕೊಡು" ಎಂದೆ.

"ಪಾಪ ನನಗೆ, ಪಾಸು ನಿಮ್ಮ ಮಗಳಿಗೆ!" ಎಂದು ನಗುತ್ತಲೇ ಬಂದು, ಒಂದು ಎಳೆ ಬೇರೂ ತುಂಡಾಗದಂತೆ ಕಿತ್ತು, ತೊಳೆದು ಕೊಟ್ಟಳು.

ಚೀಟಿ ಬರೆಯುವಾಗ ನೀನು ಹೇಳಿದಂತೆ ಲ್ಯಾಟಿನ್ ಹೆಸರು, ಊರು, ತಾರೀಕು ಎಲ್ಲ ಬರೆದೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಬಹುಮಾನ ತೆಗೆದುಕೊಂಡ ಕೈ ಇದು, ಇನ್ನೂ ನಡುಗುವುದಿಲ್ಲ. ಸಂಗ್ರಹಿಸಿದವರು ಎಂಬಲ್ಲಿ ಉಳಿದೆಲ್ಲದಕ್ಕೂ ನಿನ್ನ ಹೆಸರು ಹಾಕಿದ್ದೇನೆ. ಒಂದೆಲಗಕ್ಕೆ ಮಾತ್ರ "ಬೀಪಾತುಮ್ಮ, ವೇಣೂರು" ಎಂದು ಬರೆದಿದ್ದೇನೆ. ಕಿತ್ತವಳು ಅವಳು. ಇಲ್ಲದ್ದನ್ನು ಬರೆಯುವ ಅಭ್ಯಾಸ ಈ ಮನೆಯಲ್ಲಿಲ್ಲ. ನಿಮ್ಮ ಲೆಕ್ಚರರು ಕೇಳಿದರೆ ಅಮ್ಮ ಬರೆದದ್ದು ಎಂದು ಹೇಳು. ಆ ಚೀಟಿ ಕಿತ್ತು ಬೇರೆ ಅಂಟಿಸಿದೆಯೋ, ನೋಡು ಮತ್ತೆ!

ಓದಿ ಹೇಳಿದಾಗ ಬೀಪಾತುಮ್ಮ ಬಾಯಿಗೆ ಸೆರಗು ಹಿಡಿದು ನಕ್ಕದ್ದೇ ನಕ್ಕದ್ದು. "ಮಂಗಳೂರನ್ನೇ ನೋಡದ ನನ್ನ ಹೆಸರು ಅಲ್ಲಿಯ ಕಾಲೇಜಿಗೆ ಹೋಯಿತಲ್ಲ!" ಸಂಜೆಯೊಳಗೆ ಪೇಟೆಗೆಲ್ಲ ಸುದ್ದಿ. ಈಗ ಅಂಗಡಿಯಲ್ಲಿ ಅವಳನ್ನು ಪ್ರೊಫೆಸರಮ್ಮ ಎಂದು ಕರೆಯುತ್ತಾರಂತೆ. ಅವಳೂ ಓ ಎನ್ನುತ್ತಾಳಂತೆ.

ಹೊತ್ತು ಮುಳುಗುವ ಮೊದಲು ಊಟ ಮಾಡು. ತಲೆಗೆ ಎಣ್ಣೆ ಹಾಕು. ಜಿನೇಶ್ವರನು ನಿನಗೆ ಒಳ್ಳೆಯ ವಿದ್ಯೆ, ಗಟ್ಟಿ ಆರೋಗ್ಯ ಕೊಡಲಿ.

ನಿನ್ನ ಅಮ್ಮ
ಪ್ರಭಾವತಿ

ತಾ.ಕ.: ಮರೆತು ಇಲ್ಲಿ ಬರೆಯುತ್ತಿಲ್ಲ, ಮೇಲೆ ಬರೆಯಲು ಮನಸ್ಸಾಗಲಿಲ್ಲ. ಅಪ್ಪ ಬರಬೇಕು ಎಂದಿದ್ದೀ. ಅಪ್ಪ, ಅಮ್ಮ ಎಂದು ಇದೆಯೇನೋ ಎಂದು ಕಾಗದ ತಿರುಗಿಸಿ ನೋಡಿದೆ. ಗೆಳತಿಯರ ಎದುರು ನಾನು ಗದರಿಸುತ್ತೇನೆಂದು ಹೆದರಿಕೆಯೇ? ಹಾಸ್ಟೆಲಿಗೆ ಬಂದಾಗ ಗದರಿಸಿದ್ದು ಹೌದು, ನಿನ್ನ ಟ್ರಂಕು ಹಾಗಿತ್ತು. ಗೋಡೆಯ ಮೇಲೆ ನನ್ನ ಅಕ್ಷರ ಹೇಗೆ ಕಾಣುತ್ತದೆ ಎಂದು ನೋಡುವ ಆಸೆ ನನಗೂ ಉಂಟು, ಮಗಾ. ರವೂಫ್ ಸಂಜೆಯ ಬಸ್ಸಿಗೆ ಹಿಂದೆ ಬರುತ್ತಾನೆ. ಅವನ ಕೈಯಲ್ಲಿ ಒಂದು ಸಾಲು ಕೊಟ್ಟರೆ ಸಾಕು. ಕರೆಯದೆ ನಾನು ಬರುವವಳಲ್ಲ.