ತುಪ್ಪದಿಟ್ಟು ಬೇಡ ಅವ್ವೆ

ಕೊಯಮತ್ತೂರು, ಮಂಗಳವಾರ

ಪ್ರೀತಿಯ ಅವ್ವೆ,

ನನ್ನ ಮೊಣಕೈಯ ಗುಳ್ಳೆಗಳು ಅಂಟುರೋಗವೇ ಅಲ್ಲವಂತೆ, ಬರೀ ಗೋಧಿಯ ಕಾಟವಂತೆ! ಡಾಕ್ಟರ್ ಚರ್ಮದ ಚೂರು ತೆಗೆದು ಪರೀಕ್ಷೆ ಮಾಡಿಸಿದರು. ಕಾಯಿಲೆಯ ಹೆಸರು ಸೀಲಿಯಾಕ್. ಗೋಧಿ, ಮೈದಾ, ಬಾರ್ಲಿ ಪೂರ್ತಿ ಬಿಟ್ಟರೆ ಹೊಟ್ಟೆನೋವೂ ತುರಿಕೆಯೂ ನಿಧಾನವಾಗಿ ಇಳಿಯುತ್ತವಂತೆ. ಮದುವೆಗೆ ನೀನು ಹೊಲಿಸಿಕೊಟ್ಟ ಉದ್ದ ತೋಳಿನ ರವಿಕೆಯ ಗುಟ್ಟನ್ನೂ ಸಂತೋಷ್‌ಗೆ ಹೇಳಿಬಿಟ್ಟೆ, ಬೈಯಬೇಡ. “ಅಷ್ಟೇನಾ? ನಾನು ಚಳಿಗೆ ಅಂದುಕೊಂಡಿದ್ದೆ” ಎಂದು ನಕ್ಕರು. ಅವರಮ್ಮ, ನಮ್ಮ ಮಾಮಿಯಂತೂ ಸಾಮೆ ಅನ್ನ ಬಡಿಸಿಕೊಂಡು, “ಬಾ ಕೂಸೇ, ಎನ್ನ ಗಂಗಾಳದಲ್ಲೇ ಉಣ್ಣು” ಎಂದು ಪಕ್ಕದಲ್ಲಿ ಕೂರಿಸಿಕೊಂಡರು.

ತುತ್ತು ಬಾಯಿಗಿಡುವಾಗ ನಿನ್ನ ನೆನಪಾಯಿತು. ನಿನ್ನ ಮೊಣಕೈಯಲ್ಲೂ ಇವೇ ಗುಳ್ಳೆಗಳು. ನಾವೆಲ್ಲ ಒಂದೇ ಗಂಗಾಳದ ಸುತ್ತ ಕೂತರೆ, ನೀನೊಬ್ಬಳೇ ಅಂಟೀತೆಂದು ಬೇರೆ ತಟ್ಟೆ ಹಿಡಿದು ಒಲೆಯ ಹತ್ತಿರ ಕೂರುತ್ತಿದ್ದೆ. ಇದು ತಾಯಿಗೂ ಇರಬಹುದು, ರಕ್ತ ಪರೀಕ್ಷೆ ಮಾಡಿಸಿ ಎಂದಿದ್ದಾರೆ ಡಾಕ್ಟರ್.

ಅದಕ್ಕೇ ಎರಡು ಮಾತು ಕೇಳು. ಮಗಳು ಮದುವೆಯಾಗಿ ಮೊದಲ ಸಲ ಬರುತ್ತಾಳೆಂದು ನನಗೆ ತುಪ್ಪದಿಟ್ಟು ಕರಿಯಬೇಡ, ಅದು ಮೈದಾ ಹಿಟ್ಟಿನದು. ಆದರೆ ಪರೀಕ್ಷೆ ಮುಗಿಯುವವರೆಗೆ ನೀನು ಗೋಧಿ ಬಿಡಬಾರದು. ಬಿಟ್ಟರೆ ರಕ್ತದಲ್ಲಿ ಕಾಯಿಲೆ ಸರಿಯಾಗಿ ಕಾಣುವುದಿಲ್ಲವಂತೆ. ಅಪ್ಪನಿಗೆ ಎಲ್ಲವನ್ನೂ ನಾನೇ ಹೇಳುತ್ತೇನೆ. ಡಾಕ್ಟರ ಹತ್ತಿರ ನಿನ್ನನ್ನು ಕರೆದುಕೊಂಡು ಹೋಗಲೆಂದೇ ಬರುತ್ತಿದ್ದೇನೆ, ಸೀರೆ ಮಡಿಸಿಟ್ಟಿರು.

ನಿನ್ನ ಕೂಸು,
ಜೀವಿತಾ

ಶನಿವಾರ, ಮೇಟುಪಾಳ್ಯದಿಂದ ಬೆಳಿಗ್ಗೆ ಹೊರಡುವ ಬೆಟ್ಟದ ರೈಲು, ಲವ್‌ಡೇಲ್ ಸ್ಟೇಷನ್‌ನಲ್ಲಿ ಇಳಿಯುತ್ತೇನೆ.