ನನ್ನ ಒಂದು ಸಾಲಿಗೆ ಮತ್ತೆ ಬಾರದೇ ಹೋದ ಆರೂಕಾಲರ ಬಸ್ಸು

ಮಾನ್ಯ ವ್ಯವಸ್ಥಾಪಕ ನಿರ್ದೇಶಕರೇ,

ದೊಡ್ಡೇರಿಯ ಆಚೆಗಿರುವ ನಮ್ಮೂರಿನಿಂದ ಮಧುಗಿರಿಗೆ ಹೋಗುತ್ತಿದ್ದ ಬೆಳಗಿನ ಆರೂಕಾಲರ ಬಸ್ಸನ್ನು ತಮ್ಮ ನಿಗಮ ಕಿತ್ತುಕೊಂಡಿದೆ. ಅದನ್ನು ಮತ್ತೆ ಬಿಡದಿರುವುದಕ್ಕೆ ತಾವು ಕೊಟ್ಟಿರುವ ಕಾರಣ ನನ್ನದೇ ಕೈಬರಹ. ಆದ್ದರಿಂದಲೇ ಈ ಪತ್ರವನ್ನು ತಮ್ಮ ಕಚೇರಿಗೆ ಕಳಿಸದೆ ಪತ್ರಿಕೆಗೆ ಕೊಡುತ್ತಿದ್ದೇನೆ.

ಕಾರ್ತಿಕದಲ್ಲಿ ತಾವು ನಮ್ಮೂರಿನ ಹೊಸ ಬಸ್ ತಂಗುದಾಣ ಉದ್ಘಾಟಿಸಲು ಬಂದಿರಿ. ಬಸ್ಸು ನಿಂತು ಆಗಲೇ ತಿಂಗಳಾಗಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು! ಆದರೂ ಊರಿಗೆ ಬಂದವರನ್ನು ಬರಿಗೈಲಿ ಕಳಿಸುವ ಜನ ನಾವಲ್ಲ. ಶಾಲು ಹೊದಿಸಿದೆವು, ಕೊಬ್ಬರಿ ಹಾರ ಹಾಕಿದೆವು, ಒಬ್ಬಟ್ಟಿನ ಊಟಕ್ಕೆ ಕೂರಿಸಿದೆವು. ಬಸ್ಸು ಬೇಕೆಂಬ ಅರ್ಜಿ ನನ್ನ ಜೇಬಿನಲ್ಲೇ ಇತ್ತು. ಹಾಸಿಗೆ ಹೊಲಿಯುವ ನಮ್ಮ ಜಹೀರ್ ಅಹಮದ್ ಪಕ್ಕದಲ್ಲೇ ನಿಂತು ಪಿಸುಗುಟ್ಟಿದ:

"ಅಯ್ಯನೋರೇ, ಅರ್ಜಿ ಈಗ್ಲೇ ಕೊಟ್‌ಬುಡಿ."

"ತಡ್ಕಳಪ್ಪ ಜಹೀರಾ. ಉಣ್ಣೋಕೆ ಕೂತೋರ ಮುಂದೆ ಕಷ್ಟ ಹೇಳ್ಕಂತಾರಾ? ಕೈ ತೊಳೀಲಿ, ಕೊಡಾನ."

ತಾವು ಕೈ ತೊಳೆಯುವಷ್ಟರಲ್ಲಿ ಫೋನು ಬಂತು. ಆ ಗಡಿಬಿಡಿಯಲ್ಲೇ ತಮ್ಮ ಸಹಾಯಕರು ನಿಗಮದ ಅಭಿಪ್ರಾಯ ಪುಸ್ತಕವನ್ನು ನನ್ನ ಮುಂದೆ ಹಿಡಿದರು. ನಾನು, ಮೂವತ್ತು ವರ್ಷ ಮಕ್ಕಳಿಗೆ ಸತ್ಯ ಹೇಳಿ ಎಂದು ಪಾಠ ಮಾಡಿದವನು, "ನಿಗಮದ ಸೇವೆ ತೃಪ್ತಿಕರ, ಜನ ಸಂತುಷ್ಟರು" ಎಂದು ದುಂಡಗೆ ಬರೆದು ಸಹಿ ಮಾಡಿದೆ. ಕಾರು ಹೊರಟಿತು.

ಅರ್ಜಿಯನ್ನು ಅಂಚೆಯಲ್ಲಿ ಹಾಕಿದೆ. ಮೂರು ತಿಂಗಳಿಗೆ ಉತ್ತರ ಬಂತು: "ಸ್ಥಳ ಪರಿಶೀಲನೆಯ ವೇಳೆ ಸಾರ್ವಜನಿಕರು ಲಿಖಿತವಾಗಿ ತೃಪ್ತಿ ವ್ಯಕ್ತಪಡಿಸಿರುವುದರಿಂದ ಕೋರಿಕೆ ಪರಿಗಣಿಸಲು ಅವಕಾಶವಿಲ್ಲ." ಓದಿ ನಾಚಿಕೆಯಿಂದ ಕುಗ್ಗಿಹೋದೆ.

ನನ್ನ ತಪ್ಪು ಒಪ್ಪಿಕೊಂಡೆ. ಇನ್ನು ತಮ್ಮದು. ಸೇವೆಯನ್ನು ಖುದ್ದು ನೋಡುವುದು, ಪ್ರಯಾಣಿಕರ ಅಹವಾಲು ಕೇಳುವುದು ಮುಖ್ಯಸ್ಥರ ಕರ್ತವ್ಯವೆಂದು ಬರೆದ ನಿಗಮದ ಫಲಕವೇ ಡಿಪೋ ಗೋಡೆಯ ಮೇಲಿದೆ. ಒಬ್ಬಟ್ಟು ತಿಂದದ್ದು ಸ್ಥಳ ಪರಿಶೀಲನೆಯೇ? ಬಸ್ಸು ಓಡಿಸುವ ನಿಗಮದ ದೊಡ್ಡವರಾದ ತಾವು ಊರಿಗೆ ಕಾರಿನಲ್ಲಿ ಬಂದು, ಕಾರಿನಲ್ಲೇ ಹೋಗುವಾಗ, ಇಲ್ಲಿಗೆ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಒಬ್ಬರನ್ನಾದರೂ ಕೇಳಿದಿರಾ? ಆತಿಥ್ಯದ ಮಾತಿಗೂ ಅಭಿಪ್ರಾಯಕ್ಕೂ ವ್ಯತ್ಯಾಸ ತಿಳಿಯದಷ್ಟು ಮುಗ್ಧರನ್ನು ಅಷ್ಟು ದೊಡ್ಡ ಕುರ್ಚಿಯಲ್ಲಿ ಕೂರಿಸುತ್ತಾರೆಯೇ?

ಜಹೀರನ ಹೆಂಡತಿ ಸಾಬೀರಾಗೆ ಎರಡು ಕಿಡ್ನಿಯೂ ಕೆಲಸ ಮಾಡುವುದಿಲ್ಲ. ಸೋಮವಾರ, ಗುರುವಾರ ಬೆಳಿಗ್ಗೆ ಏಳೂವರೆಗೆ ಮಧುಗಿರಿಯಲ್ಲಿ ಡಯಾಲಿಸಿಸ್. ಈಗಿರುವ ಮೊದಲ ಬಸ್ಸು ಬರುವುದು ಒಂಬತ್ತೂ ಮುಕ್ಕಾಲಿಗೆ. ಹಾಗಾಗಿ ಜಹೀರ್ ಅವಳನ್ನು ಮೊಪೆಡ್ ಹಿಂದೆ ಕೂರಿಸಿ, ತಲೆಸುತ್ತಿಗೆ ಜಾರಬಾರದೆಂದು ಅವಳ ದುಪಟ್ಟಾದಿಂದ ತನ್ನ ಸೊಂಟಕ್ಕೆ ಕಟ್ಟಿಕೊಂಡು ಹೋಗುತ್ತಾನೆ. ಹೋದ ಗುರುವಾರ ವಾಪಸ್ ಬರುವಾಗ ಗಂಟು ಸಡಿಲಾಗಿ ಅವಳು ಬಿದ್ದಳು. ಹಣೆಗೆ ಆರು ಹೊಲಿಗೆ. ನೋಡಲು ಹೋದ ನನಗೆ ಅವಳು ಹೇಳಿದ್ದು ಇಷ್ಟು:

"ಸಾಕು ಅಯ್ಯನೋರೇ. ನಾ ಇನ್ ಹೋಗಾಕಿಲ್ಲ. ನನ್ ಜೊತೆ ಇವ್ರೂ ಬಿದ್ರೆ ಮಕ್ಕಳಿಗೆ ಯಾರವ್ರೆ?"

ಡಯಾಲಿಸಿಸ್ ಬಿಟ್ಟರೆ ಎಷ್ಟು ದಿನ ಎಂದು ಡಾಕ್ಟರನ್ನು ಕೇಳಿದೆ. ಅವರು ಹೇಳಿದ್ದನ್ನು ಅವಳಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ನನಗೆ ಭಯವಾಗಿದೆ.

ಸನ್ಮಾನ್ಯರೇ, ನಾನು ಬರೆದ ಆ ಸಾಲು ಸುಳ್ಳು. ಅದನ್ನು ಈ ಮೂಲಕ ಹಿಂಪಡೆಯುತ್ತಿದ್ದೇನೆ. ತಾವು ತಮ್ಮ ಆದೇಶ ಹಿಂಪಡೆಯಿರಿ. ಈ ಸೋಮವಾರ ಆರೂಕಾಲಿಗೆ ಬಸ್ಸು ಬರಬೇಕು. ಬಂದರೆ ಕೈಹಿಡಿದು ಹತ್ತಿಸುತ್ತೇನೆಂದು ಸಾಬೀರಾಗೆ ಮಾತು ಕೊಟ್ಟಿದ್ದೇನೆ. "ಬತ್ತದಾ?" ಎಂದು ಕೇಳಿದಳು. ಅದಕ್ಕೆ ಉತ್ತರ ಕೊಡುವ ಅಧಿಕಾರ ತಮಗೆ ಮಾತ್ರ ಇದೆ.

ಇಂತಿ,
ಮರ್ಯಾದೆಗೆ ಅಂಜಿ ಸುಳ್ಳು ಬರೆದ
ನಂದೀಶ್ವರಯ್ಯ
ನಿವೃತ್ತ ಮುಖ್ಯೋಪಾಧ್ಯಾಯ, ಮಧುಗಿರಿ ತಾಲ್ಲೂಕು